ಎರಡು ಕಚ್ಚಿನ ಎಸ್‌ಎಸ್‌ಡಿ

ಮಗನ ಗೇಮಿಂಗ್ ಕಂಪ್ಯೂಟರಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಎಂ.2 ಎಸ್‌ಎಸ್‌ಡಿ (ಮಾಹಿತಿ ಸಂಗ್ರಹಿಸುವ ಪುಟ್ಟ ಪಟ್ಟಿ) ಮದರ್‌ಬೋರ್ಡಿನ ಎರಡನೆಯ ಸ್ಲಾಟ್‌ನಲ್ಲಿ ಸಲೀಸಾಗಿ ಕೂತಿತು. ಎಳ್ಳುಕಾಳಿನಷ್ಟಿರುವ ಸ್ಕ್ರೂ ಕೂಡ ಬಿಗಿಯಿತು. ಕಂಪ್ಯೂಟರ್ ಶುರುವಾಗುವಾಗ ಭಾಗಗಳನ್ನು ಗುರುತಿಸುವ ಬಯಾಸ್‌ನಲ್ಲಿ ಮಾತ್ರ ಅದರ ಸುಳಿವೇ ಇಲ್ಲ.

"ಅಪ್ಪಾ, ಹಾಳುಮಾಡಿಬಿಟ್ಟಿರಾ?" ಎಂದ ಮಗ.

ಬಿಚ್ಚಿ ಬೆಳಕಿಗೆ ಹಿಡಿದೆ. ಚಿನ್ನದ ಬಣ್ಣದ ಹಲ್ಲುಸಾಲಿನಲ್ಲಿ ಎರಡು ಕಚ್ಚುಗಳು. ಅನುಮಾನ ಬಂದು ಲೇಬಲ್ ಓದಿದರೆ, ಸಾಟಾ ಎಂಬ ಹಳೆಯ ಸಂಪರ್ಕ ವಿಧಾನದ್ದು! ನಮ್ಮ ಸ್ಲಾಟ್ ಒಪ್ಪುವುದು ಹೊಸ ವಿಧಾನವಾದ ಎನ್‌ವಿಎಂಇಯನ್ನು ಮಾತ್ರ (ಅದಕ್ಕೆ ಸಾಮಾನ್ಯವಾಗಿ ಒಂದೇ ಕಚ್ಚು). ಎರಡಕ್ಕೂ ಅದೇ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಮೋಸಹೋಗದೆ ಇನ್ನೇನು? ವೇಗದಲ್ಲಿ ಮಾತ್ರ ಅಜಗಜಾಂತರ: ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿಗೆ ಸುಸ್ತಾಗುತ್ತದೆ, ಪಿಸಿಐಇ 3.0 ಎಂಬ ವೇಗದ ಮಾಹಿತಿ ಹಾದಿಯ ನಾಲ್ಕು ಲೇನ್ ಬಳಸುವ ಒಳ್ಳೆಯ ಎನ್‌ವಿಎಂಇ 3,500ರ ಹತ್ತಿರ ಓದುತ್ತದೆ.

ಅಂಗಡಿಯವರು ಗೊಣಗುತ್ತಲೇ ಬದಲಿಸಿಕೊಟ್ಟರು. ಹೊಸದು ಬಯಾಸ್‌ನಲ್ಲಿ ಕಾಣಿಸಿತು, ಆದರೆ ಹಳೆಯ ಹಾರ್ಡ್‌ಡಿಸ್ಕ್ ಮಾಯ! ಆಗಷ್ಟೇ ಮ್ಯಾನ್ಯುಯಲ್ ತೆರೆದೆ (ನಾಚಿಕೆಯ ವಿಷಯ). ಈ ಸ್ಲಾಟ್ ತುಂಬಿದರೆ 5 ಮತ್ತು 6ನೆಯ ಸಾಟಾ ಪೋರ್ಟ್‌ಗಳು ನಿಷ್ಕ್ರಿಯವಾಗುತ್ತವೆ ಎಂದು ಸಣ್ಣ ಅಕ್ಷರಗಳಲ್ಲಿತ್ತು. ಐದರಲ್ಲಿದ್ದ ಹಾರ್ಡ್‌ಡಿಸ್ಕಿನ ಕೇಬಲನ್ನು ಒಂದನೆಯ ಪೋರ್ಟಿಗೆ ಚುಚ್ಚಿದೆ. ಮಗ ಆಗಲೇ ಹೆಡ್‌ಫೋನ್ ಹಾಕಿಕೊಂಡಿದ್ದ.