ಅಂಗೈಯ ಆಸರೆ

ಲಿಂಗಾಯತ ಮನೆಗಳಲ್ಲಿ ಬೆಳೆದವರಿಗೆ ಇಷ್ಟಲಿಂಗಪೂಜೆಯ ಕ್ರಮವನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಪೂಜೆ ಕಷ್ಟದ ದಿನಗಳಲ್ಲಿ ಒಂದು ಮನೆಯನ್ನು ಹೇಗೆ ಎತ್ತಿ ನಿಲ್ಲಿಸುತ್ತದೆ ಎಂಬುದನ್ನು ನಾವು ನಮ್ಮ ನಮ್ಮಲ್ಲೇ ಇಟ್ಟುಕೊಂಡುಬಿಡುತ್ತೇವೆ. ಅಪ್ಪನ ಕಾಯಿಲೆಯ ಕಾಲದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಬರೆದಿಡಬೇಕೆಂಬುದು ಬಹುದಿನದ ಆಸೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ ನಮಗೆ ದೂರವಲ್ಲ. ಹೊಳೆಯ ನೀರಿನ ನಡುವೆ ಬಾವಿಯಂತೆ ಕಟ್ಟಿರುವ ಬಸವಣ್ಣನವರ ಐಕ್ಯಮಂಟಪದೊಳಕ್ಕೆ ಮೆಟ್ಟಿಲಿಳಿದು ಹೋಗಿ ನಮಸ್ಕರಿಸಿ ಬರುವುದೆಂದರೆ ಮನೆಯವರಿಗೆಲ್ಲ ಪ್ರೀತಿ. ಆದರೂ ನಿತ್ಯದ ಪೂಜೆಗೆ ಹೊಸ್ತಿಲು ದಾಟುವ ಅಗತ್ಯವಿಲ್ಲ. ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಎದೆಯ ಮೇಲಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯ ಅಂಗೈಯಲ್ಲಿರಿಸಿ, ನೀರೆರೆದು, ಪತ್ರೆ ಹೂವು ಏರಿಸಿ, ಅದರ ಕರಿಯ ಹೊಳಪಿನಲ್ಲಿ ದೃಷ್ಟಿ ನೆಟ್ಟು ಮಂತ್ರ ಜಪಿಸುತ್ತ ಕುಳಿತರೆ ಪೂಜೆಯಾಯಿತು. ದೇವರಿಗೂ ಭಕ್ತನಿಗೂ ನಡುವೆ ಇನ್ನೊಬ್ಬರು ಬೇಡ ಎಂದು ಹನ್ನೆರಡನೆಯ ಶತಮಾನದ ಶರಣರು ನಿಶ್ಚಯಿಸಿದರು. ಅದರ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು ಅಪ್ಪ ಹಾಸಿಗೆ ಹಿಡಿದ ಮೇಲೆ.

2018ರ ಕೊನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗಾಲು, ಎಡಗೈ ಎರಡೂ ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಊಟ ಮಾಡಿದರು, ಮಾತ್ರೆ ನುಂಗಿದರು, ಫಿಸಿಯೋಥೆರಪಿಸ್ಟ್ ಹೇಳಿದಂತೆ ಕಾಲು ಮಡಚಿ ಚಾಚುವುದಕ್ಕೂ ಒಪ್ಪಿದರು. ಪೂಜೆಗೆ ಮಾತ್ರ ಒಪ್ಪಲಿಲ್ಲ. ಬುದ್ಧಿ ತಿಳಿದಾಗಿನಿಂದ ಲಿಂಗ ಹಿಡಿದು ಬಂದ ಕೈ ಅದೇ ಎಡಗೈ. ಅದು ತನ್ನದೆಂಬ ಅರಿವೇ ಇಲ್ಲದೆ ಮಗ್ಗುಲಲ್ಲಿ ಬಿದ್ದಿರುವಾಗ, ಅದರ ಮೇಲೆ ಲಿಂಗವನ್ನಿಡುವುದು ಅವರಿಗೆ ಅಪಚಾರವೆನಿಸಿತ್ತು. ‘ಸತ್ತ ಕೈಯಾಗ ದೇವರನ್ನ ಹೆಂಗ ಹಿಡೀಲಿ?’ ಎಂದು ತೊದಲುತ್ತಲೇ ಕೇಳಿದ್ದರು. ಅವರ ನಿರಾಶೆಯ ಆಳ ಎಷ್ಟೆಂಬುದು ಯಾವ ವರದಿಗಿಂತಲೂ ಸ್ಪಷ್ಟವಾಗಿ ಆ ಪ್ರಶ್ನೆಯಲ್ಲಿತ್ತು.

ಅವ್ವ ವಾದ ಮಾಡಲಿಲ್ಲ. ಒಂದು ಬೆಳಿಗ್ಗೆ ತನ್ನ ಪೂಜೆ ಮುಗಿಸಿ ಅಪ್ಪನ ಮಂಚದ ಪಕ್ಕ ಕುಳಿತು, ಅವರ ಎಡಗೈಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಮುದುಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದರ ಕೆಳಗೆ ತನ್ನ ಅಂಗೈಯನ್ನು ಹಿಡಿದಳು. ‘ಕೈ ನಿಮ್ಮದಿರಲಿ, ಆಸರ ನನ್ನದಿರಲಿ. ಪೂಜಿ ಮಾಡ್ರಿ’ ಎಂದಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಬಲಗೈಯಿಂದ ತಾವೇ ಲಿಂಗವನ್ನು ತೆಗೆದು ಆ ಅಂಗೈಯ ಮೇಲಿಟ್ಟರು. ನೀರೆರೆಯುವಾಗ ಕೈ ನಡುಗಿ ಮಂಚದ ಹಾಸಿಗೆಯೆಲ್ಲ ಒದ್ದೆಯಾಯಿತು. ಅದನ್ನು ಯಾರೂ ಲೆಕ್ಕಿಸಲಿಲ್ಲ.

ಅಂದಿನಿಂದ ಮನೆಯ ನಡೆಯೇ ಬದಲಾಯಿತು. ಪೂಜೆಗೆ ಕೂರಬೇಕೆಂದರೆ ಬೆನ್ನು ನೆಟ್ಟಗಿರಬೇಕು. ಹಾಗಾಗಿ ದಿಂಬುಗಳನ್ನು ಒಂದೊಂದೇ ಕಡಿಮೆ ಮಾಡುತ್ತ ಕೂರುವುದನ್ನು ಅಪ್ಪ ಮತ್ತೆ ಕಲಿತರು. ಬೆಳಗಿನ ಹೊತ್ತು ಕಳೆಯುವುದು ಹೇಗೆಂಬ ಚಿಂತೆ ಹೋಗಿ, ಪತ್ರೆ ತಂದೆಯಾ, ನೀರು ಇಟ್ಟೆಯಾ ಎಂದು ತಮ್ಮನನ್ನು ಕೇಳುವ ಗಡಿಬಿಡಿ ಬಂತು. ಶನಿವಾರ ಸಂಜೆ ಹುಬ್ಬಳ್ಳಿಯಿಂದ ಊರಿಗೆ ಹೋಗುತ್ತಿದ್ದ ನಾನು ರವಿವಾರ ಬೆಳಿಗ್ಗೆ ಆ ಇಬ್ಬರನ್ನೂ ನೋಡುತ್ತ ಕೂರುತ್ತಿದ್ದೆ. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಟಿವಿಯ ಮುಂದೆ ಅಪ್ಪ ಅವ್ವ ಇಬ್ಬರೂ ಅತ್ತರು. 1907ರಲ್ಲಿ ಹುಟ್ಟಿ, ನೂರು ದಾಟಿದ ಮೇಲೂ ಪೂಜೆಯನ್ನೂ ಮಕ್ಕಳ ದಾಸೋಹದ ಕಾಳಜಿಯನ್ನೂ ಬಿಡದ ಆ ಹಿರಿಯರನ್ನು ನೆನೆದು ಅಪ್ಪ, ‘ನನಗಿನ್ನೂ ವಯಸ್ಸಾಗಿಲ್ಲ’ ಎಂದರು. ಕಾಯಿಲೆ ಬಿದ್ದ ಮೇಲೆ ಅವರು ಮುಂದಿನ ದಿನಗಳ ಮಾತೆತ್ತಿದ್ದು ಅದೇ ಮೊದಲು.

ಎಡಗೈಗೆ ಪೂರ್ತಿ ಶಕ್ತಿ ಮರಳಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಪೂಜೆಯಿಂದ ಲಕ್ವ ವಾಸಿಯಾಯಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಔಷಧಿಯನ್ನಾಗಲಿ ವ್ಯಾಯಾಮವನ್ನಾಗಲಿ ಅವ್ವ ಒಂದು ದಿನವೂ ತಪ್ಪಿಸಲಿಲ್ಲ. ಮರಳಿ ಬಂದದ್ದು ನಾಳೆ ಬೆಳಿಗ್ಗೆ ತನಗೊಂದು ಕೆಲಸವಿದೆ, ಅದಕ್ಕಾಗಿ ಏಳಬೇಕು ಎಂಬ ಅಪ್ಪನ ಮನಸ್ಸು. ನಾನು ಭರವಸೆ ಎಂದು ಕರೆಯುವುದು ಅದನ್ನೇ.

ಕೆಲವು ವರ್ಷಗಳ ನಂತರ ಅಪ್ಪ ಲಿಂಗೈಕ್ಯರಾದರು. ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿ, ಎಡಗೈಯಲ್ಲಿ ಅವರ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರೆಗಳೊಂದಿಗೆ ಸಮಾಧಿ ಮಾಡಿದೆವು. ಲಿಂಗವನ್ನು ಕೈಗಿಡುವಾಗ ಅವ್ವ ಮುಂದೆ ಬಂದು, ನಿತ್ಯ ಹಿಡಿಯುತ್ತಿದ್ದಂತೆಯೇ ಅವರ ಕೈಯ ಕೆಳಗೆ ತನ್ನ ಕೈ ಹಿಡಿದಳು.

ಮರುದಿನ ಬೆಳಿಗ್ಗೆ ಅವ್ವ ಸ್ನಾನ ಮಾಡಿ ಎಂದಿನಂತೆ ಪೂಜೆಗೆ ಕುಳಿತಳು. ಸಾವಿನ ಮನೆಯಲ್ಲಿ ಪೂಜೆಯೇ ಎಂದು ಬೇರೆಯವರಿಗೆ ಆಶ್ಚರ್ಯವಾದೀತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕಗಳೂ ಲಿಂಗಧಾರಿಗೆ ಇಲ್ಲವೆಂದು ಶರಣರು ಸಾರಿದ್ದಾರೆ. ಚಿಕ್ಕವಳಿದ್ದಾಗ ತಿಂಗಳ ಆ ದಿನಗಳಲ್ಲೂ ನನ್ನ ಪೂಜೆ ನಿಲ್ಲದಂತೆ ಅವ್ವ ನೋಡಿಕೊಂಡಿದ್ದಳು. ಗೆಳತಿಯರು ದೇವರ ಮನೆಯಿಂದ ದೂರ ಕೂರುತ್ತಿದ್ದಾಗ ನಾನು ಕೂರಬೇಕಾಗಿರಲಿಲ್ಲ. ದುಃಖ ಅತ್ಯಂತ ಹೆಚ್ಚಾಗಿರುವ ದಿನಗಳಲ್ಲೇ ದೇವರಿಂದ ದೂರವಿರು ಎನ್ನದ ಧರ್ಮದಲ್ಲಿ ನಾನು ಹುಟ್ಟಿದ್ದೇನೆ. ಆ ಬೆಳಿಗ್ಗೆ ಅವ್ವನನ್ನು ನೋಡಿದಾಗ ಅದಕ್ಕಾಗಿ ಮನಸ್ಸು ತುಂಬಿ ಬಂತು.

ಬಂಧುಗಳಲ್ಲಿ ಕೆಲವು ಹಿರಿಯ ಹೆಂಗಸರು ಬಳೆ, ಕುಂಕುಮದ ಮಾತೆತ್ತಿದರು. ಶರಣರು ಒಪ್ಪದ ಎಷ್ಟೋ ಆಚಾರಗಳನ್ನು ನಮ್ಮವರೇ ಮತ್ತೆ ಒಳಗೆ ಕರೆದುಕೊಂಡಿದ್ದಾರೆ. ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಅವ್ವ ಸಿಟ್ಟು ಮಾಡಲಿಲ್ಲ. ‘ಅವರು ಲಿಂಗದಾಗ ಕೂಡ್ಯಾರ. ನನ್ನ ಹಣಿ ಯಾಕ ಬರಿದಾಗಬೇಕು?’ ಎಂದು ವಿಭೂತಿಯ ಕೆಳಗೆ ಎಂದಿನ ಕುಂಕುಮವಿಟ್ಟುಕೊಂಡಳು. ಅಲ್ಲಿಗೆ ಆ ಮಾತು ನಿಂತಿತು.

ಈಚೆಗೆ ತಮ್ಮನಿಗೆ ಹೆಣ್ಣುಮಗು ಹುಟ್ಟಿದೆ. ಹೆಸರಿಡುವುದಕ್ಕೆ ಮುಂಚೆಯೇ ಲಿಂಗಧಾರಣೆಯಾಗಬೇಕೆಂದು ಅವ್ವ ಹಟ ಹಿಡಿದಳು. ಗುರುಗಳು ಬಂದು ಕೂಸಿಗೆ ಲಿಂಗ ಕಟ್ಟಿ ಹೋದರು. ಅದನ್ನು ಸದ್ಯಕ್ಕೆ ತೊಟ್ಟಿಲಿಗೆ ಕಟ್ಟಿದ್ದಾರೆ. ಬಾಣಂತಿಯ ಕೋಣೆಗೂ ಸೂತಕವಿಲ್ಲ. ಮಗುವಿಗೆ ಹಾಲೂಡಿಸಿ ಮಲಗಿಸಿದ ಮೇಲೆ ನಾದಿನಿ ಮಂಚದ ಮೇಲೆಯೇ ಕುಳಿತು ತನ್ನ ಪೂಜೆ ಮಾಡುತ್ತಾಳೆ, ನೀರು ಪತ್ರೆಗಳನ್ನು ಅವ್ವ ತಂದುಕೊಡುತ್ತಾಳೆ.