ಮಿಕ್ಕಿದ್ದೆಲ್ಲ ನೀರೇನಪ್ಪಾ?

ಕಳೆದ ಭಾನುವಾರ ಶ್ರೀನಿವಾಸಪುರದ ಹತ್ತಿರ ಸೋದರಮಾವನ ಮನೆಗೆ ಹೋದಾಗ, ಅಂಗಳದಲ್ಲಿ ತೋತಾಪುರಿಯ ರಾಶಿ ಬಿದ್ದಿದ್ದರೂ ಅತ್ತೆ ನನ್ನ ಮುಂದಿಟ್ಟದ್ದು ಅಂಗಡಿಯಿಂದ ತರಿಸಿದ ಮಾವಿನ ಪಾನೀಯದ ಬಾಟಲಿಯನ್ನು. ಬೆಂಗಳೂರಿನಿಂದ ಬಂದವರಿಗೆ ಮನೆಯ ಹಣ್ಣು ಕೊಟ್ಟರೆ ಮರ್ಯಾದೆಗೆ ಕಡಿಮೆಯೆಂಬುದು ಅವರ ಎಣಿಕೆ. ಅತ್ತೆ ಒಳ್ಳೆಯವರು, ಆದರೆ ಈ ವಿಷಯದಲ್ಲಿ ಅವರೊಡನೆ ವಾದ ಮಾಡಿ ಗೆದ್ದವರಿಲ್ಲ.

ಮಂಡಿಯಲ್ಲಿ ಹೇಳಿದ ದರಕ್ಕೆ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಹಣ್ಣನ್ನು ಹಿಂದಕ್ಕೆ ತಂದಿದ್ದ ಮಾವ, ಇದರಲ್ಲಿ ಹಣ್ಣು ಎಷ್ಟಿರುತ್ತದೆಂದು ಕೇಳಿದರು. ಹಣ್ಣಿನ ಪಾನೀಯವೆಂದು ಮಾರಲು ಕಾನೂನು ಕೇಳುವುದು ಕನಿಷ್ಠ ಶೇ. 10ರಷ್ಟು ರಸವನ್ನು ಎಂದೆ.

“ಮಿಕ್ಕಿದ್ದೆಲ್ಲ ನೀರೇನಪ್ಪಾ?”

ಸಕ್ಕರೆಯೂ ಇರುತ್ತದೆ ಮಾವ, ಎಂದೆ. ಸಾವಿರ ಅಡಿ ಕೊರೆಸಿಯೂ ಎರಡು ಕೊಳವೆಬಾವಿಗಳಲ್ಲಿ ಬರಿಯ ಧೂಳು ಕಂಡಿದ್ದ ಮನುಷ್ಯನಿಗೆ ನಾನು ಕೊಟ್ಟ ಉತ್ತರ ಅದು. ವಾರವಿಡೀ ಆ ಪ್ರಶ್ನೆ ಕಿವಿಯಲ್ಲಿ ಉಳಿದಿದೆ.

ಇಂಥ ಮಾವಿನ ಪಾನೀಯಗಳಲ್ಲೊಂದಾದ ಮಾಜಾ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1976ರಲ್ಲಿ, ಪಾರ್ಲೆಯವರಿಂದ. ಮರುವರ್ಷವೇ ಕೋಕಾ-ಕೋಲಾ ಭಾರತ ಬಿಟ್ಟು ಹೋಯಿತು. 1993ರಲ್ಲಿ ಮರಳಿದ ಆ ಕಂಪನಿ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್‌ಗಳ ಜೊತೆಗೆ ಮಾಜಾವನ್ನೂ ಕೊಂಡಿತು. ಕಿತ್ತಳೆಯ ಗೋಲ್ಡ್ ಸ್ಪಾಟ್ ಮರೆಯಾಗಿ ಅದರ ಜಾಗದಲ್ಲಿ ಫ್ಯಾಂಟಾ ಕುಳಿತಿತು. ಆ ಫ್ಯಾಂಟಾ ಹುಟ್ಟಿದ್ದಾದರೂ 1940ರ ಜರ್ಮನಿಯಲ್ಲಿ, ಯುದ್ಧದಿಂದಾಗಿ ಕೋಲಾದ ಸಾರ ಸಿಗದೆ ಹೋದಾಗ, ಸೇಬು ಹಿಂಡಿ ಉಳಿದ ಚರಟ ಮತ್ತು ಚೀಸ್ ತಯಾರಿಸಿ ಉಳಿದ ಹಾಲಿನ ತಿಳಿನೀರಿನಿಂದ; ಅದಕ್ಕೆ ಕಿತ್ತಳೆಯ ರುಚಿ ಸೇರಿದ್ದು 1955ರಲ್ಲಿ, ಇಟಲಿಯ ನೇಪಲ್ಸ್‌ನಲ್ಲಿ. ಕಿತ್ತಳೆ ಬಣ್ಣದ ನೀರಿಗೆ ಹೊಸ ಹೆಸರಿಟ್ಟು ಮಾರಿದವರು ಮಾಜಾದ ಹೆಸರನ್ನು ಮಾತ್ರ ಉಳಿಸಿಕೊಂಡರು. ಮಾವಿನ ವಿಷಯದಲ್ಲಿ ನಮ್ಮ ಜನರೊಡನೆ ಆಟವಾಡುವ ಧೈರ್ಯ ಯಾರಿಗೂ ಬಂದಿರಲಾರದು ಎಂದು ನನ್ನ ಊಹೆ.

ಆದರೂ ಇಂಥ ಪಾನೀಯಗಳ ಜಾಹೀರಾತುಗಳಲ್ಲಿ ರಸ ತೊಟ್ಟಿಕ್ಕುವ ದುಂಡು ಹಣ್ಣುಗಳನ್ನು ಕಂಡಿದ್ದೇನೆಯೇ ಹೊರತು, ತಿರುಳಿನ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಹೋಗುವ ಗಿಣಿಮೂತಿಯ ತೋತಾಪುರಿಯನ್ನು ಒಮ್ಮೆಯೂ ಕಂಡಿಲ್ಲ. ಇದನ್ನು ಮಾವನಿಗೆ ಹೇಳಲಿಲ್ಲ. ಅವರು ಆಗಲೇ ಲೋಟ ಖಾಲಿ ಮಾಡಿ, ತಣ್ಣಗಿದೆಯೆಂದು ಇನ್ನರ್ಧ ಹಾಕಿಸಿಕೊಳ್ಳುತ್ತಿದ್ದರು.

ಹೊರಡುವಾಗ ಅತ್ತೆ ಆ ಖಾಲಿ ಬಾಟಲಿಯನ್ನು ತೊಳೆದು, ದಾರಿಗೆ ಬೇಕಾಗುತ್ತದೆಂದು ಕೊಡದ ನೀರನ್ನು ತುಂಬಿಸಿ ನನ್ನ ಚೀಲದಲ್ಲಿಟ್ಟರು.