ಗ್ಲೋವ್ ಬಾಕ್ಸ್‌ನಿಂದ ಆಚೆ ಬಂದ ಉಪ್ಪು

ಪುಣೆಯ ಪಾಷಾಣ ಎಂದರೆ ನಮ್ಮ ಕಡೆಯವರಿಗೆ ಮೊದಲು ನಗು ಬರುತ್ತದೆ. ನಮಗೆ ಪಾಷಾಣ ವಿಷ, ಮರಾಠಿಯವರಿಗೆ ಕಲ್ಲು. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಿಂದ ಬಂದು ಅಲ್ಲಿನ ಸಂಶೋಧನಾಲಯಗಳಲ್ಲೋ ಚಾಕಣದ ಕಡೆಯ ಬ್ಯಾಟರಿ ಘಟಕಗಳಲ್ಲೋ ಸೇರಿಕೊಂಡವರ ಕೈಗೆ ಬೇಗನೆ ಸಿಗುವ ಬಿಳಿ ಪುಡಿಯೊಂದಿದೆ: ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್. ಲ್ಯಾಬಿನ ಮಾತಿನಲ್ಲಿ ‘ಪಿಎಫ್ ಸಿಕ್ಸ್’. ಲಿಥಿಯಂ-ಅಯಾನ್ ಬ್ಯಾಟರಿಯ ಎಲೆಕ್ಟ್ರೊಲೈಟ್‌ನಲ್ಲಿ, ಅಂದರೆ ಅಯಾನುಗಳು ಓಡಾಡುವ ದ್ರವದಲ್ಲಿ, ಹೆಚ್ಚಾಗಿ ಬಳಸುವ ಉಪ್ಪು ಇದೇ. ನೋಡಲು ಅಡುಗೆಮನೆಯ ಪುಡಿಯುಪ್ಪಿನಂತಿದೆ, ಅದೇ ತೊಂದರೆ.

ಗ್ಲೋವ್ ಬಾಕ್ಸ್‌ನೊಳಗೆ (ಕೈಗವಸು ಜೋಡಿಸಿದ, ಒಣ ಅನಿಲ ತುಂಬಿದ ಮುಚ್ಚಿದ ಪೆಟ್ಟಿಗೆ) ಕೆಲಸ ಮಾಡುವಾಗ ಎಲ್ಲರೂ ಜಾಗ್ರತೆಯಾಗಿಯೇ ಇರುತ್ತಾರೆ. ಎಡವಟ್ಟಾಗುವುದು ಕೆಲಸ ಮುಗಿದ ಮೇಲೆ: ಒರೆಸಿದ ಟಿಶ್ಯೂ, ಖಾಲಿ ವಯಲ್ (ಪುಟ್ಟ ಶೀಶೆ), ಕಳಚಿದ ಕೈಗವಸು ಹೊರಗೆ ಬಂದಾಗ. ಉಪ್ಪಿಗೆ ನೀರು ಸಿಕ್ಕರೆ ಲಿಥಿಯಂ ಫ್ಲೋರೈಡ್, ಫಾಸ್ಫೊರಿಲ್ ಫ್ಲೋರೈಡ್ ಜೊತೆಗೆ ಹೈಡ್ರೋಜನ್ ಫ್ಲೋರೈಡ್, ಅಂದರೆ ಎಚ್‌ಎಫ್, ಹುಟ್ಟುತ್ತದೆ. ಒಂದು ನೀರಿನ ಅಣುವಿಗೆ ಎರಡು ಎಚ್‌ಎಫ್. ತೂಕದಲ್ಲಿ 18 ಗ್ರಾಂ ನೀರಿಗೆ 40 ಗ್ರಾಂ. ಎಲೆಕ್ಟ್ರೊಲೈಟ್‌ನಲ್ಲಿ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ) ನೀರಿದ್ದರೆ ಕೊನೆಗೆ 44 ಪಿಪಿಎಂ ಎಚ್‌ಎಫ್ ಆಗಬಹುದು ಎಂದರ್ಥ.

ಇದನ್ನು ಪುಣೆಯ ಮಳೆಗಾಲಕ್ಕೆ ಹಚ್ಚಿ ನೋಡಿ. ಜುಲೈನಲ್ಲಿ 28 ಡಿಗ್ರಿ, ಶೇ 85 ತೇವಾಂಶ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಬಾಕ್ಸ್‌ನೊಳಗೆ ನೀರಾವಿ 1 ಪಿಪಿಎಂ ದಾಟದಂತೆ ನಾವು ಕಾಯುತ್ತೇವೆ. ಗಾಜಿನ ಆಚೆ ಬದಿಯ ಗಾಳಿಯಲ್ಲಿ ಅದೇ ನೀರಾವಿ ಸುಮಾರು 34 ಸಾವಿರ ಪಿಪಿಎಂ. 10 ಗ್ರಾಂ ಉಪ್ಪು ನೆಲಕ್ಕೆ ಚೆಲ್ಲಿ, ಮೊದಲ ಹಂತದ ಕ್ರಿಯೆಯಷ್ಟೇ ಪೂರ್ತಿಯಾದರೂ 2.6 ಗ್ರಾಂ ಎಚ್‌ಎಫ್. 60 ಘನ ಮೀಟರ್‌ನ ಕೋಣೆಯಲ್ಲಿ, ಎಕ್ಸಾಸ್ಟ್ ನಿಂತಿದ್ದರೆ, 1.5 ಗ್ರಾಂ ಹರಡಿದರೇ ಗಾಳಿ 30 ಪಿಪಿಎಂ ಮುಟ್ಟುತ್ತದೆ. ಜೀವಕ್ಕೆ ತಕ್ಷಣದ ಅಪಾಯವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಎನ್‌ಐಒಎಸ್‌ಎಚ್ ಗುರುತಿಸಿರುವ ಮಟ್ಟ ಅದು. ಅಷ್ಟೂ ಒಮ್ಮೆಲೇ ಏಳುವುದಿಲ್ಲ, ನಿಜ. ಆದರೆ ಯಾವ ಲೆಕ್ಕದ ಹತ್ತಿರ ಆಟವಾಡುತ್ತಿದ್ದೇವೆ ಎಂಬುದು ಗೊತ್ತಿರಲಿ.

ಎಲೆಕ್ಟ್ರೊಲೈಟ್ ಮಾಡುವ ಕ್ರಮಕ್ಕೆ ಬರೋಣ. 100 ಮಿ.ಲೀ. 1 ಮೋಲಾರ್ ದ್ರಾವಣಕ್ಕೆ 15.19 ಗ್ರಾಂ ಉಪ್ಪು. ದ್ರಾವಕಗಳಲ್ಲೊಂದಾದ ಎಥಿಲೀನ್ ಕಾರ್ಬೊನೇಟ್ 36 ಡಿಗ್ರಿಯ ಆಸುಪಾಸು ಕರಗುವುದರಿಂದ ಲ್ಯಾಬಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. 45 ಡಿಗ್ರಿಗೆ ಬೆಚ್ಚಗೆ ಮಾಡಿ ಡೈಮಿಥೈಲ್ ಕಾರ್ಬೊನೇಟ್ ಬೆರೆಸಿ. ನೀರು ತೆಗೆಯಲು ಮಾಲಿಕ್ಯುಲರ್ ಸೀವ್ (ನೀರು ಹೀರುವ ಸಿಲಿಕೇಟ್ ಗುಳಿಗೆ) ಹಾಕುವುದಿದ್ದರೆ ಈಗಲೇ, ಉಪ್ಪು ಬೀಳುವ ಮೊದಲು. ಆಮೇಲೆ ಸೋಸಿ ತೆಗೆದುಬಿಡಿ. ಉಪ್ಪಿನ ದ್ರಾವಣದೊಳಗೆ ಸೀವ್ ಉಳಿದರೆ ಅದರ ಸೋಡಿಯಂ ಲಿಥಿಯಂ ಜೊತೆ ಜಾಗ ಬದಲಿಸುತ್ತದೆ, ಎಚ್‌ಎಫ್ ಸೀವ್‌ನ ಸಿಲಿಕೇಟನ್ನೇ ಕೊರೆಯುತ್ತದೆ. ದ್ರಾವಕ ತಣ್ಣಗಾದ ಮೇಲೆ 80 ಮಿ.ಲೀ.ನಷ್ಟನ್ನು ಪಾಲಿಪ್ರೊಪಿಲೀನ್ ಬಾಟಲಿಗೆ ತೆಗೆದುಕೊಂಡು, ಕಲಕುತ್ತಾ, ಎರಡೆರಡು ಮೂರುಮೂರು ಗ್ರಾಂನಂತೆ ಉಪ್ಪು ಹಾಕಿ. ಪ್ರತಿ ಸಲವೂ ಬಿಸಿಯೇಳುತ್ತದೆ; ಬಾಟಲಿ ಕೈಗೆ ಬೆಚ್ಚಗನಿಸಿದರೆ ನಿಲ್ಲಿಸಿ, 30 ಡಿಗ್ರಿ ದಾಟಲು ಬಿಡಬೇಡಿ. ಎಲ್ಲ ಕರಗಿದ ಮೇಲೆ ಪ್ಲಾಸ್ಟಿಕ್ ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ನಲ್ಲಿ ಗೆರೆಗೆ ಸರಿಮಾಡಿ. ಒಂದೇ ಸಲ ಸುರಿದವರ ದ್ರಾವಣ ಹಳದಿ ತಿರುಗುತ್ತದೆ. ಬಿಸಿಗೆ ಉಪ್ಪು ಬಿಟ್ಟುಕೊಡುವ ಫಾಸ್ಫರಸ್ ಪೆಂಟಾಫ್ಲೋರೈಡ್ ದ್ರಾವಕದ ಅಣುವಿನ ಉಂಗುರವನ್ನೇ ಬಿಡಿಸಿಹಾಕುತ್ತದೆ. ಹಳದಿಯಾದದ್ದನ್ನು ಉಳಿಸಿಕೊಳ್ಳಲು ಹೋಗಬೇಡಿ, ತ್ಯಾಜ್ಯದ ಡಬ್ಬಿಗೆ ಹಾಕಿ.

ಉಪ್ಪು ತೇವ ಹಿಡಿದಿದೆ ಎಂದು ವ್ಯಾಕ್ಯೂಮ್ ಓವನ್‌ನಲ್ಲಿ 120 ಡಿಗ್ರಿಗೆ ಒಣಗಿಸುವ ಆಲೋಚನೆ ಹೊಸಬರಲ್ಲಿ ಆಗಾಗ ಬರುತ್ತದೆ. ಪೂರ್ತಿ ಒಣ ವಾತಾವರಣದಲ್ಲೇ ಈ ಉಪ್ಪು ತಡೆಯುವುದು ಸುಮಾರು 107 ಡಿಗ್ರಿವರೆಗೆ. 300 ಪಿಪಿಎಂ ನೀರಾವಿ ಇದ್ದರೆ 87ಕ್ಕೇ ಒಡೆಯಲು ಶುರು. ಓವನ್‌ನಲ್ಲಿ ಒಣಗುವುದು ಉಪ್ಪಲ್ಲ, ಪಂಪಿನ ಎಣ್ಣೆ ಮತ್ತು ನಿಮ್ಮ ಗಂಟಲು. ತೇವ ಹಿಡಿದ ಬಾಟಲಿ ಕೆಟ್ಟ ಬಾಟಲಿ.

ಗಾಜಿನ ವಯಲ್ ಬೇಡ ಎಂದರೆ ‘ಒಂದು ದಿನಕ್ಕೆ ಏನಾಗುತ್ತೆ’ ಎನ್ನುವವರಿದ್ದಾರೆ. ತಿಂಗಳು ಮರೆತಿಟ್ಟ ವಯಲ್‌ನ ಕೊರಳನ್ನು ಬೆಳಕಿಗೆ ಹಿಡಿದು ನೋಡಿ. ಮುಚ್ಚಳದ ಸುತ್ತು ಬರುವಲ್ಲಿ ಗಾಜು ಮಂಜು ಹಿಡಿದಂತೆ ಮಸುಕಾಗಿರುತ್ತದೆ, ಉಗುರು ಎಳೆದರೆ ಒರಟು ತಾಗುತ್ತದೆ (ಕೈಗವಸಿನ ಉಗುರು, ಬರಿಗೈಯದಲ್ಲ). ತೊಳೆದರೆ ಹೋಗುವ ಕಲೆಯಲ್ಲ ಅದು. ಎಚ್‌ಎಫ್ ಗಾಜಿನ ಸಿಲಿಕಾವನ್ನು ತಿಂದ ಗುರುತು. ಅಲ್ಯೂಮಿನಿಯಂ ಬಾಟಲಿ, ಟೆಫ್ಲಾನ್, ಎಚ್‌ಡಿಪಿಇ (ಗಟ್ಟಿ ಪಾಲಿಥೀನ್ ಪ್ಲಾಸ್ಟಿಕ್) ಇಷ್ಟರಲ್ಲೇ ಇಡಿ. ಅಲ್ಯೂಮಿನಿಯಂ ಬಾಟಲಿಯ ಮುಚ್ಚಳದ ಹಲ್ಲುಗಳಲ್ಲಿ ಬಿಳಿ ಹೊಪ್ಪಳೆ ಕಂಡರೆ ಅಲ್ಲಿ ಗಾಳಿಯಾಡಿದೆ. ಮೂಸಿ ನೋಡಬೇಡಿ.

ಬಾಕ್ಸ್‌ನಿಂದ ಹೊರಬರುವ ಟಿಶ್ಯೂ, ಪೈಪೆಟ್ ತುದಿ, ತೂಕದ ಕಾಗದ ಎಲ್ಲವನ್ನೂ ಒಳಗೇ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಆಂಟಿಚೇಂಬರ್‌ನಿಂದ (ಬಾಕ್ಸ್‌ನ ಹೊರಬಾಗಿಲ ಕೋಣೆ) ನೇರ ಫ್ಯೂಮ್ ಹುಡ್‌ಗೆ (ಗಾಳಿ ಹೀರುವ ಗೂಡು) ಒಯ್ದು ಅಲ್ಲೇ ತೆರೆಯಬೇಕು. ಮಾಮೂಲಿ ಕಸದ ಬುಟ್ಟಿಗೆ ಬಿದ್ದರೆ ಮರುದಿನ ಬೆಳಿಗ್ಗೆ ಅದನ್ನು ಒತ್ತಿ ತುಂಬುವವರು ಮಾವಶಿ, ಅಂದರೆ ಕಸ ಗುಡಿಸುವ ಹೆಂಗಸು, ಬರಿಗೈಯಲ್ಲಿ. ನೆಲಕ್ಕೆ ಉಪ್ಪು ಚೆಲ್ಲಿದ್ದು ಕಂಡರೆ ಒದ್ದೆ ಪೋಚಾ ಹಾಕುವವರೂ ಅವರೇ. ಹಾಗಾಗಿ ಡಬ್ಬಿಯ ಮೇಲೆ ಇಂಗ್ಲಿಷಿನ ಸೂಚನೆಯೊಂದೇ ಸಾಲದು. ‘ಹಾತ್ ಲಾವೂ ನಕಾ’ (ಮುಟ್ಟಬೇಡಿ) ಎಂದು ಮರಾಠಿಯಲ್ಲಿ ದಪ್ಪಕ್ಷರದಲ್ಲಿ ಬರೆದಿರಬೇಕು, ಬಾಯಲ್ಲೂ ಹೇಳಿರಬೇಕು. ಚೆಲ್ಲಿದ ಪುಡಿಯ ಮೇಲೆ ಒಣ ಕ್ಯಾಲ್ಸಿಯಂ ಕಾರ್ಬೊನೇಟ್ ಸುರಿದು, ಪ್ಲಾಸ್ಟಿಕ್ ಮೊರದಲ್ಲಿ ಎತ್ತಿ, ಎಚ್‌ಡಿಪಿಇ ಡಬ್ಬಿಗೆ ಹಾಕಿ. ಮರಳು ಬೇಡ, ಅದೂ ಸಿಲಿಕಾನೇ.

ತೆಳು ನೈಟ್ರೈಲ್ ಕೈಗವಸು ಹಾಕಿದ್ದೇನೆಂಬ ಧೈರ್ಯವೂ ಬೇಡ. ಕಾರ್ಬೊನೇಟ್ ದ್ರಾವಕಗಳು ಅದನ್ನು ಬೇಗ ದಾಟುತ್ತವೆ. ಬಾಕ್ಸ್‌ನ ಆಚೆ ಎರಡು ಜೊತೆ ಹಾಕಿ, ಹನಿ ಬಿದ್ದ ಕೂಡಲೇ ಮೇಲಿನದನ್ನು ಕಳಚಿ.

ತ್ಯಾಜ್ಯದ ಬಗ್ಗೆ ಒಂದೇ ಮಾತು, ಆದರೆ ಬಹಳ ಜನ ತಪ್ಪುವ ಮಾತು. ಸಿಂಕಿಗೆ ಸುಣ್ಣದ ನೀರಿನ ಜೊತೆ ಬಿಟ್ಟರೆ ಫ್ಲೋರೈಡ್ ಗಸಿಯಾಗಿ ಕೂರುತ್ತದೆ, ಮುಗಿಯಿತು ಎಂದುಕೊಳ್ಳುತ್ತಾರೆ. ಕ್ಯಾಲ್ಸಿಯಂ ಹಿಡಿಯುವುದು ಬಿಡಿ ಫ್ಲೋರೈಡನ್ನು ಮಾತ್ರ. ಒಡೆಯದೆ ಉಳಿದ ಹೆಕ್ಸಾಫ್ಲೋರೋಫಾಸ್ಫೇಟ್ ನೀರಿನಲ್ಲಿ ಹಾಗೇ ಹರಿದುಹೋಗಿ ಮುಂದೆಲ್ಲೋ ನಿಧಾನವಾಗಿ ಒಡೆಯುತ್ತದೆ. ಎಚ್‌ಡಿಪಿಇ ಕ್ಯಾನಿನಲ್ಲಿ, ಮುಕ್ಕಾಲು ಭಾಗ ಮೀರದಂತೆ, ಗಾಳಿ ಬಿಡುವ ಮುಚ್ಚಳ ಹಾಕಿ, ನೀರು ಬೆರೆಸದೆ ಕೂಡಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರಿಗೆ ಕೊಡಿ.

ಚರ್ಮಕ್ಕೆ ತಾಗಿದರೆ? ದುರ್ಬಲ ಎಚ್‌ಎಫ್ ಆಗಲೇ ಉರಿಯುವುದಿಲ್ಲ. ಸಾಂದ್ರತೆ ಶೇ 20ಕ್ಕಿಂತ ಕಡಿಮೆಯಿದ್ದರೆ ನೋವು 24 ಗಂಟೆ ತಡವಾಗಿಯೂ ಬರಬಹುದು. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗಿನ ಕ್ಯಾಲ್ಸಿಯಂ ಹಿಡಿದಿರುತ್ತದೆ. ರಕ್ತದ ಕ್ಯಾಲ್ಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ. ಬಟ್ಟೆ ಕಳಚಿ 5 ನಿಮಿಷ ನೀರು ಹರಿಸಿ, ನಂತರ ಶೇ 2.5ರ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ಲನ್ನು ಕೈಗವಸು ಹಾಕಿಕೊಂಡೇ ತಿಕ್ಕುತ್ತಾ ಇರಿ, 108ಕ್ಕೆ ಕರೆ ಮಾಡಿ. ಜೆಲ್ ಇಲ್ಲದಿದ್ದರೆ ನೀರು 15 ನಿಮಿಷ. ಜೆಲ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಕ್ಯಾಲ್ಸಿಯಂ ಗ್ಲುಕೊನೇಟ್‌ನ ಶೇ 10ರ 10 ಮಿ.ಲೀ. ಆಂಪ್ಯೂಲನ್ನು 30 ಮಿ.ಲೀ. ನೀರು ಆಧಾರಿತ ಲೂಬ್ರಿಕಂಟ್ ಜೆಲ್ಲಿಗೆ ಕಲಸಿದರೆ ಅದೇ ಶೇ 2.5. ಕಣ್ಣಿಗೆ ಜೆಲ್ ಹಾಕಬಾರದು, 15 ನಿಮಿಷ ನೀರು ಮಾತ್ರ. ಆಸ್ಪತ್ರೆಯಲ್ಲಿ ‘ಆ್ಯಸಿಡ್ ಬಿತ್ತು’ ಎನ್ನದೆ ‘ಎಚ್‌ಎಫ್’ ಎಂದೇ ಹೇಳಿ, ಬಾಟಲಿಯ ಸುರಕ್ಷತಾ ಹಾಳೆ ಜೊತೆಗಿರಲಿ.

ಇನ್ನು ಆ ನೀರಿನ ಮಾತು. ಪುಣೆಯಲ್ಲಿ ಮಹಾನಗರಪಾಲಿಕೆ ರಿಪೇರಿಗೆಂದು ನೀರು ನಿಲ್ಲಿಸುವುದು ಹೆಚ್ಚಾಗಿ ಗುರುವಾರ. ಸುರಕ್ಷತಾ ಶವರ್‌ಗೆ ನೀರು ಬರುವುದು ತಾರಸಿಯ ಟಾಕಿಯಿಂದ, ಅಂದರೆ ಟ್ಯಾಂಕಿನಿಂದ. ಬುಧವಾರ ಸಂಜೆ ಟಾಕಿ ತುಂಬಿದೆಯೇ ಎಂದು ನೋಡಿ, ಶವರ್‌ನ ಹಿಡಿಕೆಯನ್ನು ಒಮ್ಮೆ ಎಳೆಯಿರಿ. ಬರೇ ಗಾಳಿ ಬಂದರೆ ಗುರುವಾರ ಪಿಎಫ್ ಸಿಕ್ಸ್ ಬಾಟಲಿ ತೆರೆಯಬೇಡಿ.